ಸಖಿ, ಪರದೆ ಇಳಿಸು

ಊರಿಗೆಲ್ಲ ಒಂದೇ ಸಮ ಬೆಳಕು ಕೊಡುವ ಸೂರ್ಯನಿಗೆ ಕಂಡಕ್ಟರ್ ದೇವರಾಜುವಿನ ಮೇಲೆ ಮಾತ್ರ ಅದೇನೋ ಹಳೆಯ ದ್ವೇಷವಿದ್ದಂತಿತ್ತು. ರಾಮನಗರದ ಗುಡ್ಡಗಳನ್ನು ಹತ್ತಿ ಇಳಿದು ಬರುವಷ್ಟರಲ್ಲಿ ಅವನು ಬೇರೆ ಮನೆಗಳನ್ನೆಲ್ಲ ಬಿಟ್ಟು ನೇರವಾಗಿ ದೇವರಾಜುವಿನ ಮಲಗುವ ಕೋಣೆಯ ಕಿಟಕಿಗೆ ಬಂದು, ಅವನ ಎಡಗಣ್ಣಿನ ರೆಪ್ಪೆಯ ಮೇಲೆ ಕೂತುಬಿಡುತ್ತಿದ್ದ.

ದೇವರಾಜು ಇದ್ರೀಸ್ ಸಾಹೇಬರ ಖಾಸಗಿ ಬಸ್ಸಿನಲ್ಲಿ ಹದಿನೆಂಟು ವರ್ಷದಿಂದ ಕಂಡಕ್ಟರು. ಸಂಜೆ ಎಂಟಕ್ಕೆ ರಾಮನಗರ ಬಿಟ್ಟು ಮಾಗಡಿ, ಸೋಲೂರು, ಹಾಸನದ ಮೇಲೆ ಧರ್ಮಸ್ಥಳಕ್ಕೆ ಹೋಗುವ ಬಸ್ಸು ಅದು. ಮರುದಿನ ರಾತ್ರಿ ಅಲ್ಲಿಂದ ಹೊರಟು ಬೆಳಗಿನ ಏಳಕ್ಕೆ ವಾಪಸ್ಸು. ಬೀದಿಯವರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಇವನು ಮಲಗಬೇಕು.

ಕಿಟಕಿಗೆ ಹಳೆಯ ಜಮಖಾನ ಕಟ್ಟಿ ನೋಡಿದ್ದ. ಆದರೆ ಪಕ್ಕದ ಮನೆಯ ಸಿದ್ದಮ್ಮ ಸರಳಿನ ಸಂದಿಯಲ್ಲಿ ಕೈ ತೂರಿಸಿ, ಜಮಖಾನ ಎತ್ತಿ, "ದೇವ್ರಾಜ, ಮಲಗಿದ್ದೀಯೇನ್ಲಾ?" ಎಂದು ದಿನವೂ ವಿಚಾರಿಸುತ್ತಿದ್ದಳು. ಪ್ರೀತಿಯಿಂದಲೇ ಕೇಳುತ್ತಿದ್ದಳು. ಆದರೆ ಆ ಪ್ರಶ್ನೆಗೆ 'ಹೌದು' ಎನ್ನಬೇಕಾದರೂ ಎಚ್ಚರಾಗಲೇಬೇಕಲ್ಲ.

ಹೀಗೆ ಕೂಡಿಕೊಂಡ ನಿದ್ದೆಯೆಲ್ಲ ಹೋದ ವಾರ ಹಾಸನದ ಬಳಿ ಒಟ್ಟಿಗೆ ಬಂದು ಅವನ ಮೇಲೆ ಬಿತ್ತು. ಕಂಬಿ ಹಿಡಿದು ನಿಂತಲ್ಲೇ ದೇವರಾಜು ನಿದ್ದೆ ಹೋದ. ಹಾಸನದಲ್ಲಿ ಇಳಿಯಬೇಕಿದ್ದ ಏಳು ಜನ, ಎರಡು ಬುಟ್ಟಿ ಚಕ್ಕುಲಿಯ ಸಮೇತ ಸಕಲೇಶಪುರದಲ್ಲಿ ಕಣ್ಣುಬಿಟ್ಟರು. ಅವರಲ್ಲೊಬ್ಬ ಮುದುಕಿ ಟಿಕೆಟಿನ ಹಿಂದೆ ಇದ್ದ ನಂಬರಿಗೆ ಫೋನ್ ಮಾಡಿ, ಇದ್ರೀಸ್ ಸಾಹೇಬರನ್ನು ಅರ್ಧ ಗಂಟೆ ಮಾತಾಡಿಸಿದಳು.

ಸಾಹೇಬರು ಚನ್ನಪಟ್ಟಣದಿಂದ ಬಂದು ಹೇಳಿದ್ದು ಇಷ್ಟೆ: "ದೇವ್ರಾಜು, ಕಂಡಕ್ಟರ್ ಮಲಗಿದ್ರೂ ಬಸ್ ಓಡ್ತದೆ ಕಣಪ್ಪಾ. ಆದ್ರೆ ಎಲ್ಲಿಗ್ ಓಡ್ತದೆ ಅಂತ ಯಾರ್ಗೂ ಗೊತ್ತಿರಲ್ಲ. ಬರೋ ಗುರುವಾರ ಹಾಸನದಲ್ಲಿ ನಮ್ ನೆಂಟರದೊಂದು ಮದುವೆ ಐತೆ. ಬುಧವಾರ ರಾತ್ರಿ ನಿನ್ ಬಸ್ಸಲ್ಲೇ ಬತ್ತೀನಿ. ನಾನೇ ನೋಡ್ತೀನಿ. ಆವತ್ತೂ ಕಣ್ ಮುಚ್ಚಿದ್ಯೋ, ಆ ಬ್ಯಾಗು ಇಲ್ಲಿಟ್ಟು ಗ್ಯಾರೇಜಲ್ಲಿ ಬಸ್ ತೊಳೀತಿರು."

ದೇವರಾಜುವಿಗೆ ಆ ಚರ್ಮದ ಬ್ಯಾಗು ಹೆಗಲಿನ ಭಾಗವೇ ಆಗಿಹೋಗಿತ್ತು. ಅದನ್ನು ಕಳಚಿಟ್ಟರೆ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದ.

ಗಂಡನ ಸಂಕಟ ನೋಡಲಾರದೆ ಭಾನುಪ್ರಿಯ ನೆಲಮಂಗಲದಲ್ಲಿದ್ದ ತಮ್ಮ ಅಶ್ವಥ್‌ಗೆ ಹೇಳಿದಳು. ಅಶ್ವಥ್ ಮನೆಮನೆಗೆ ಕಿಟಕಿಯ ಬ್ಲೈಂಡ್ಸ್ ಜೋಡಿಸುವವನು. ಸೋಮವಾರ ಬಂದವನೇ ಕಿಟಕಿಗೆ ಪಟ್ಟಿಪಟ್ಟಿಯ ಪರದೆ ಜೋಡಿಸಿ, ಮೇಲೊಂದು ಪುಟ್ಟ ಮೋಟಾರು ಕೂರಿಸಿ, ಗೋಡೆಯ ಗೂಡಿನಲ್ಲಿ ತಟ್ಟೆ ಇಡ್ಲಿಯಷ್ಟಗಲದ ಒಂದು ಬಿಳೀ ಡಬ್ಬಿ ಇಟ್ಟ.

"ಭಾವ, ಇದರ ಹೆಸರು ಸಖಿ. ಹೆಸರು ಹಿಡ್ದು ಕೂಗಿ ಹೇಳಿದ್ರೆ ಸಾಕು, ಪರದೆ ತಾನೇ ಇಳೀತದೆ, ತಾನೇ ಏರ್ತದೆ."

"ಹೇಳಿ, ನಾನು ಕೇಳುತ್ತಿದ್ದೇನೆ," ಎಂದಿತು ಡಬ್ಬಿ, ಮದುವೆ ಮಂಟಪದಲ್ಲಿ ಸ್ವಾಗತ ಭಾಷಣ ಮಾಡುವ ಹೆಣ್ಣುಮಗಳ ದನಿಯಲ್ಲಿ.

ಅಶ್ವಥ್ ತಲೆ ಕೆರೆದುಕೊಂಡ. "ನಾನು 'ಸಾಕು' ಅಂದಿದ್ದು ಅದ್ಕೆ 'ಸಖಿ' ಅಂತ ಕೇಳಿಸ್ತು ಅನ್ಸುತ್ತೆ. ಹೊಸದಲ್ವಾ, ಹೋಗ್ತಾ ಹೋಗ್ತಾ ಸರಿಯಾಗ್ತದೆ. ಅದು ಬುಕ್ಕಿನ ಕನ್ನಡ ಮಾತಾಡ್ತದೆ ಭಾವ. ನಿಮಗೆ ಸುಲಭ ಆಗ್ಲಿ ಅಂತ 'ಇಳಿ', 'ಹತ್ತು' ಅನ್ನೋದನ್ನೂ ಕಲಿಸಿವ್ನಿ."

ಅದೇ ರಾತ್ರಿ ದೇವರಾಜು ಡ್ಯೂಟಿಗೆ ಹೋದ. ಬುಧವಾರ ಬೆಳಿಗ್ಗೆ ಕಣ್ಣಿಗೆ ಮೆಣಸಿನಪುಡಿ ಎರಚಿಸಿಕೊಂಡವನಂತೆ ಮನೆಗೆ ಬಂದ. ಭಾನುಪ್ರಿಯ ಚಿತ್ರಾನ್ನ ಕೊಟ್ಟು, ಮಂಚದ ಮೇಲೆ ಮಲಗಿಸಿ, "ಸಖಿ, ಇಳಿ" ಎಂದಳು.

"ಪರದೆಯನ್ನು ಇಳಿಸಲಾಗಿದೆ."

ಪಟ್ಟಿಗಳು ಒಂದರ ಮೇಲೊಂದು ಸರಸರನೆ ಬಿದ್ದು ಕೋಣೆಯಲ್ಲಿ ಕತ್ತಲೆಯೆಂದರೆ ಕತ್ತಲೆ. ರೇಷ್ಮೆಹುಳು ಗೂಡು ಕಟ್ಟಿಕೊಂಡು ಒಳಗೆ ಸೇರಿದಾಗ ಅದಕ್ಕೆ ಹೀಗೇ ಸುಖವಾಗುತ್ತಿರಬೇಕು ಎಂದುಕೊಂಡ ದೇವರಾಜು. ಭಾನುಪ್ರಿಯ ಬಾಗಿಲು ಮುಂದಕ್ಕೆಳೆದುಕೊಂಡು ಅಂಗನವಾಡಿ ಕೆಲಸಕ್ಕೆ ಹೋದಳು.

ಒಂಬತ್ತೂಕಾಲಕ್ಕೆ ಸಿದ್ದಮ್ಮ ಎಂದಿನಂತೆ ಕಿಟಕಿಗೆ ಬಂದಳು. ಕೈ ತೂರಿಸಿದರೆ ಎತ್ತಲು ಜಮಖಾನವಿಲ್ಲ. ಏನೋ ಗಟ್ಟಿಯಾಗಿ ಅಡ್ಡ ನಿಂತಿದೆ. ಬಾಗಿಲಿಗೆ ಬಂದು ಕೂಗಿದಳು, "ಭಾನೂ, ಒಸಿ ಸಕ್ಕರೆ ಕೊಡವ್ವಾ."

"ಹೇಳಿ, ನಾನು ಕೇಳುತ್ತಿದ್ದೇನೆ."

ಸಿದ್ದಮ್ಮ ಲೋಟ ಹಿಡಿದಂತೆಯೇ ನಿಂತಳು. ಇದು ಭಾನುವಿನ ದನಿಯಲ್ಲ. "ಯಾರವ್ವಾ ನೀನು?"

"ನಾನು ಸಖಿ. ನಿಮ್ಮ ಸೇವೆಗೆ ಸದಾ ಸಿದ್ಧಳಿದ್ದೇನೆ."

"ಏ, ಸಿದ್ದಿ ನಾನು ಕಣಮ್ಮೀ! ನೀನ್ಯಾವಳೇ? ಹೆಂಡ್ತಿ ಅತ್ಲಾಗ್ ಹೋದೇಟ್ಗೆ ಇತ್ಲಾಗ್ ಬಂದು ಸೇರ್ಕಂಡವ್ಳೆ! ಲೋ ದೇವ್ರಾಜಾ! ತೆಗಿಯಲಾ ಬಾಗ್ಲಾ!"

ದೇವರಾಜು ಲುಂಗಿ ಎತ್ತಿಕೊಂಡು ಓಡಿಬಂದ. ಬೀದಿಯಲ್ಲಿ ಆಗಲೇ ಎರಡು ಬಾಗಿಲು ತೆರೆದಿದ್ದವು. "ಅಯ್ಯೋ ಅತ್ತೆ, ಅದು ಹೆಂಗಸಲ್ಲ, ಡಬ್ಬಿ ಕಣತ್ತೆ! ಒಳಕ್ಕೆ ಬನ್ನಿ, ನೀವೇ ನೋಡಿ." ಮಾನ ಉಳಿಸಿಕೊಳ್ಳುವ ಆತುರದಲ್ಲಿ ಅವಳನ್ನು ಒಳಗೆ ಕರೆದು, ಡಬ್ಬಿ ತೋರಿಸಿ, ಪರದೆಯನ್ನು ಒಂದು ಸಲ ಏರಿಸಿ ಇಳಿಸಿದ. ಅವನು ಆ ದಿನ ಮಾಡಿದ ದೊಡ್ಡ ತಪ್ಪು ಇದೇ.

ಸಿದ್ದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, ಎಳೆಗೂಸನ್ನು ಮಾತಾಡಿಸುವಂತೆ, "ಸಕೀ, ಹತ್ತವ್ವಾ" ಎಂದಳು.

"ಪರದೆಯನ್ನು ಏರಿಸಲಾಗಿದೆ."

"ಅಲೆಲೆ! ನಮ್ ಸೊಸೇಗೆ ಹತ್ತು ಸಲ ಹೇಳಿದ್ರೂ ಕೂತಲ್ಲಿಂದ ಏಳಾಕಿಲ್ಲ. ಇದು ನೋಡು, ಒಂದೇ ಮಾತ್ಗೆ!" ಎಂದು ಸಕ್ಕರೆಯನ್ನೂ ಲೋಟವನ್ನೂ ಮರೆತು ಹೊರಗೆ ನಡೆದಳು.

ದೇವರಾಜು ಪರದೆ ಇಳಿಸಿ ಮಲಗಿದ. ಐದೇ ನಿಮಿಷಕ್ಕೆ ಸಿದ್ದಮ್ಮ ಲೋಟಕ್ಕೆಂದು ಬಂದಳು. ಹಿಂದೆ ಏಳು ಜನ ಹೆಂಗಸರು, ಅವರ ಹಿಂದೆ ಎದುರು ಮನೆಯ ನಿಯಾಜ್.

ನಿಯಾಜ್ ಮನೆಯ ಹಿತ್ತಲಲ್ಲೇ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವವನು. ಮೋಟಾರು ಎಂದರೆ ಅವನಿಗೆ ಸ್ವಂತ ನೆಂಟರಿದ್ದಂತೆ. ಹೆಂಗಸರು ಸರದಿಯ ಮೇಲೆ "ಹತ್ತು", "ಇಳಿ" ಎನ್ನುತ್ತಿದ್ದರೆ ಅವನು ಮಂಚದ ಮೇಲೆ, ದೇವರಾಜುವಿನ ದಿಂಬಿನ ಪಕ್ಕದಲ್ಲಿ ಕಾಲೂರಿ ನಿಂತು ಪರದೆಯ ಮೇಲ್ಭಾಗಕ್ಕೆ ಕಿವಿಗೊಟ್ಟ.

"ದೇವ್ರಾಜಣ್ಣ, ಬೇರಿಂಗ್ ಒಸಿ ಸೌಂಡ್ ಮಾಡ್ತೈತೆ. ಎಣ್ಣೆ ಬುಡ್ಲಾ?"

"ಬ್ಯಾಡ ನಿಯಾಜು, ನಿನ್ನೆ ಮೊನ್ನೆ ಹಾಕಿರೋದು. ನನ್ನ ಒಸಿ ಮಲಗಕ್ ಬುಡಪ್ಪಾ."

"ಮಲಗಣ್ಣ, ಮಲಗು. ನಿಂಗೇನ್ ತೊಂದ್ರೆ ಮಾಡಲ್ಲ," ಎಂದು ನಿಯಾಜ್ ಇನ್ನೊಂದು ಕಾಲನ್ನು ದೇವರಾಜುವಿನ ಇನ್ನೊಂದು ಪಕ್ಕಕ್ಕೆ ಊರಿದ.

ಯಾರೋ "ಸಕತ್ತಾಗೈತೆ!" ಎಂದರು. "ಹೇಳಿ, ನಾನು ಕೇಳುತ್ತಿದ್ದೇನೆ," ಎಂದಿತು ಸಖಿ. ಎಲ್ಲರೂ ಬಿದ್ದುಬಿದ್ದು ನಕ್ಕರು. ಆಮೇಲೆ ಅದೇ ಒಂದು ಆಟವಾಯಿತು. ಒಬ್ಬಳು ಇಂದು ಸಂಜೆ ತನ್ನ ಗಂಡ ಬೇಗ ಬರುತ್ತಾನೋ ಎಂದು ಕೇಳಿದಳು. "ಕ್ಷಮಿಸಿ, ಆ ಮಾಹಿತಿ ನನ್ನಲ್ಲಿಲ್ಲ," ಎಂದಿತು. "ನಂಗೂ ಇಲ್ಲ ಬುಡವ್ವಾ," ಎಂದು ಅವಳು ಸಮಾಧಾನ ಹೇಳಿದಳು.

ಹನ್ನೆರಡು ಹೊಡೆಯಿತು. ದೇವರಾಜುವಿಗೆ ಕಣ್ಣೆದುರು ಇದ್ರೀಸ್ ಸಾಹೇಬರ ಗ್ಯಾರೇಜು, ಬಕೆಟ್ಟು, ಸೋಪಿನ ನೊರೆ ತೇಲಿಬಂದವು. ಎದ್ದು ನಿಂತು ಬಸ್ಸಿನ ದನಿಯಲ್ಲೇ ಗದರಿದ, "ಸಾಕು! ಎಲ್ರೂ ಇಳೀರಿ!"

"ಪರದೆಯನ್ನು ಇಳಿಸಲಾಗಿದೆ."

ಮತ್ತೆ ನಗು. ಆದರೆ ಅನ್ನಕ್ಕಿಡುವ ಹೊತ್ತಾಗಿತ್ತು. ಕೂಗಿಗಿಂತ ಹಸಿವೇ ಹೆಚ್ಚು ಕೆಲಸ ಮಾಡಿ, ಒಬ್ಬೊಬ್ಬರಾಗಿ ಹೊರಟರು. ಸಿದ್ದಮ್ಮ ಮಾತ್ರ ಬಾಗಿಲಲ್ಲಿ ಹಿಂತಿರುಗಿ, "ಚೆಂದಾಗ್ ಮಲಿಕ್ಕೊ ಮಗಾ. ಕಣ್ಣೆಲ್ಲ ಕೆಂಪಗಾಗವೆ," ಎಂದು ಮರುಕದಿಂದ ಹೇಳಿ ಹೋದಳು.

ಒಂದು ಗಂಟೆಗೆ ದೇವರಾಜು ಕತ್ತಲೆಯಲ್ಲಿ ಬಿದ್ದ. ಬಿದ್ದ ಕೂಡಲೇ ನಿದ್ದೆ ಹತ್ತಿತು. ನಿದ್ದೆಯ ಜೊತೆಗೆ ಕನಸೂ ಹತ್ತಿತು. ಕನಸಿನಲ್ಲಿ ಮಾಗಡಿ ಬಸ್‌ಸ್ಟ್ಯಾಂಡು. ಪಕ್ಕದ ಕಲ್ಯ ಊರಿನ ಕಡೆಯ ಜನವೆಲ್ಲ ಒಂದೇ ಬಸ್ಸಿಗೆ ಮುಗಿಬಿದ್ದಿದ್ದಾರೆ. ದೇವರಾಜು ಮಲಗಿದ್ದಲ್ಲಿಂದಲೇ ಕೈ ಬೀಸಿ ಕೂಗತೊಡಗಿದ:

"ಸಾಕು, ಸಾಕು, ಹತ್ತಬೇಡ್ರೀ!"

"ಪರದೆಯನ್ನು ಏರಿಸಲಾಗಿದೆ."

"ಜಾಗ ಇಲ್ಲ ಅಂದ್ರೆ ಕೇಳಾಕಿಲ್ವಾ? ಸಾಕು, ಇಳೀರಿ!"

"ಪರದೆಯನ್ನು ಇಳಿಸಲಾಗಿದೆ."

"ಟಿಕೆಟ್, ಟಿಕೆಟ್? ಸಾಕಮ್ಮಾ, ಹತ್ತಮ್ಮಾ ಬೇಗ!"

"ಪರದೆಯನ್ನು ಏರಿಸಲಾಗಿದೆ."

ಹೊರಗೆ ಸಿದ್ದಮ್ಮ ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಪರದೆ ಏರಿ ಇಳಿದು, ಇಳಿದು ಏರುವುದನ್ನು ನೋಡಿ, ದೇವರಾಜು ಮನಸ್ಸು ಬದಲಾಯಿಸಿ ಇಡೀ ಬೀದಿಗೆ ತೋರಿಸುತ್ತಿದ್ದಾನೆ ಎಂದು ತಿಳಿದಳು. ಬೆಳಿಗ್ಗೆ ನೋಡಲಾಗದವರನ್ನೆಲ್ಲ ಕೂಗಿ ಕರೆದಳು. ಊಟ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ದಾರಿಯಲ್ಲಿ ಹೋಗುತ್ತಿದ್ದ ಪಾತ್ರೆ ಮಾರುವವನು ಎಲ್ಲರೂ ಕಿಟಕಿಯ ಮುಂದೆ ಸೇರಿದರು. ಪರದೆ ಆರನೆಯ ಸಲ ಏರಿದಾಗ ಜೋರಾಗಿ ಚಪ್ಪಾಳೆ ಬಿತ್ತು.

ಚಪ್ಪಾಳೆಗೆ ಎಚ್ಚರಗೊಂಡ ದೇವರಾಜು ಕಣ್ಣುಬಿಟ್ಟರೆ, ಕಿಟಕಿಯ ತುಂಬ ಮುಖಗಳು. ಒಂದು ಕ್ಷಣ ಎಲ್ಲರೂ ಹಾಸನದಲ್ಲಿ ಇಳಿಯಬೇಕಾದವರೇ ಎನ್ನಿಸಿ ಬೆವರಿದ. ಮರುಕ್ಷಣ ಎದ್ದವನೇ ಸಖಿಗೂ ಮೋಟಾರಿಗೂ ಸೇರಿಸಿದ್ದ ಪ್ಲಗ್ಗನ್ನು ಕಿತ್ತುಹಾಕಿದ.

ಮಾತು ನಿಂತಿತು. ಪರದೆಯೂ ನಿಂತಿತು, ಮೇಲೆಯೇ. ಎಳೆಯಲು ಹಗ್ಗವಿಲ್ಲ, ತಿರುಗಿಸಲು ಹಿಡಿಯಿಲ್ಲ. ಅಶ್ವಥ್‌ಗೆ ಫೋನ್ ಮಾಡಿದರೆ ಅವನು ಕನಕಪುರದಲ್ಲಿ ಯಾರದೋ ಮನೆಯ ಏಣಿಯ ಮೇಲಿದ್ದ. "ಭಾವ, ಕರೆಂಟ್ ಇಲ್ದಿದ್ರೆ ಅದು ಎಲ್ಲೈತೋ ಅಲ್ಲೇ ನಿಂತ್ಕೋತದೆ. ಪ್ಲಗ್ ಹಾಕಿ, ಸರಿಹೋಗ್ತದೆ," ಎಂದ.

ಹಾಕಿದ. "ನಮಸ್ಕಾರ. ನಾನು ಸಖಿ. ನಿಮ್ಮನ್ನು ಭೇಟಿಯಾದದ್ದು ಸಂತೋಷ," ಎಂದು ಅದು ಮೊದಲಿನಿಂದ ಶುರು ಮಾಡಿತು.

ದೇವರಾಜು ಕನಸಿನಲ್ಲಿ ಕೂಗದಂತೆ ಬಾಯಿಗೆ ಟವೆಲ್ ಕಟ್ಟಿಕೊಂಡು ಮಲಗಿ ನೋಡಿದ. ಉಸಿರು ಕಟ್ಟಿತು. ನಡುಮನೆಯಲ್ಲಿ ಚಾಪೆ ಹಾಸಿದ. ಅಲ್ಲಿ ನೊಣ. ಮೂರೂವರೆಗೆ ಭಾನುಪ್ರಿಯ ಬಂದು ನೋಡಿದಾಗ ಗಂಡ ಮಂಚದ ಅಂಚಿನಲ್ಲಿ ಕೂತು, ಬಾಯಿಗೆ ಟವೆಲ್ ಕಟ್ಟಿಕೊಂಡು, ಡಬ್ಬಿಯನ್ನೇ ದುರುಗುಟ್ಟಿ ನೋಡುತ್ತಿದ್ದ.

ಕತೆಯೆಲ್ಲ ಕೇಳಿದ ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಅಲ್ಲಾರೀ, ಮೊದ್ಲು ಪರದೆ ಇಳಿಸಿ, ಆಮೇಕೆ ಪ್ಲಗ್ ತೆಗುದ್ರೆ ಆಯ್ತಿತ್ತಲ್ಲಾ?" ಎಂದಳು.

ದೇವರಾಜು ಹಣೆ ಚಚ್ಚಿಕೊಂಡ. ಹದಿನೆಂಟು ವರ್ಷ ನೂರಾರು ಜನರ ಚಿಲ್ಲರೆಯ ಲೆಕ್ಕ ತಲೆಯಲ್ಲೇ ಇಟ್ಟುಕೊಂಡವನಿಗೆ ಇದು ಹೊಳೆದಿರಲಿಲ್ಲ.

ಅವಳು ಪರದೆ ಇಳಿಸಿದಳು. ಪ್ಲಗ್ ತೆಗೆದಳು. ಹಣೆ ಸವರಿ, "ಏಳು ಗಂಟೆವರ್ಗೂ ಹುಲಿ ಬಂದ್ರೂ ಒಳಕ್ ಬುಡಾಕಿಲ್ಲ, ಮಲಿಕ್ಕೊಳ್ಳಿ," ಎಂದು ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಳು. ಕತ್ತಲೆ ಆಯಿತು, ಮೌನವೂ ಆಯಿತು. ಇನ್ನೂ ಮೂರು ಗಂಟೆ ಸಮಯವಿತ್ತು. ಮೂರು ಗಂಟೆ ಸಾಕೇಸಾಕು. ದೇವರಾಜು ದಿಂಬಿಗೆ ತಲೆ ಕೊಟ್ಟ. ರೆಪ್ಪೆಗಳು ಮೆಲ್ಲಗೆ ಮುಚ್ಚಿದವು.

"ದೇವ್ರಾಜಣ್ಣಾ! ಯಾರ್ ಬಂದವ್ರೆ ನೋಡು!"

ನಿಯಾಜನ ದನಿ. ಭಾನುಪ್ರಿಯ ಗದರಲು ಬಾಯಿ ತೆರೆದವಳು ಹಾಗೇ ಎದ್ದು ಸೆರಗು ಸರಿಮಾಡಿಕೊಂಡಳು. ನಿಯಾಜನ ಹಿಂದೆ, ಬಿಳೀ ಜುಬ್ಬ ತೊಟ್ಟು, ಅತ್ತರಿನ ಘಮಲು ಬೀರುತ್ತಾ ಇದ್ರೀಸ್ ಸಾಹೇಬರೇ ನಿಂತಿದ್ದರು.

ಹಾಸನದ ಮದುವೆ ನಿಯಾಜನ ಕಡೆಯವರದೂ ಆಗಿತ್ತು. ಸಾಹೇಬರು ಮಧ್ಯಾಹ್ನವೇ ರಾಮನಗರಕ್ಕೆ ಬಂದು ನಿಯಾಜನ ಮನೆಯಲ್ಲಿ ಬಿರಿಯಾನಿ ಊಟ ಮಾಡಿದ್ದರು. ಊಟದ ಜೊತೆಗೆ ನಿಯಾಜ್ ಪರದೆಯ ಕತೆಯನ್ನೂ ಬಡಿಸಿದ್ದ.

"ಏನಯ್ಯಾ ದೇವ್ರಾಜು, ನಿದ್ದೆ ಆಯ್ತಾ?" ಎಂದರು ಸಾಹೇಬರು.

"ಆಯ್ತು ಸಾಬ್ರೆ, ಚೆಂದಾಗ್ ಆಯ್ತು," ಎಂದ ದೇವರಾಜು, ಗೋಡೆ ಹಿಡಿದುಕೊಂಡು.

"ಹಾಗಿರ್ಬೇಕು. ನನ್ ಮಾತಿಗೆ ಬೆಲೆ ಕೊಟ್ಟು ಇಷ್ಟೆಲ್ಲ ಮಾಡ್ಸಿದ್ದೀಯಲ್ಲ, ಖುಷಿ ಆಯ್ತು. ಎಲ್ಲಿ, ತೋರ್ಸು."

ಪ್ಲಗ್ ಹಾಕಿದ. ಸಖಿ ಮತ್ತೆ ನಮಸ್ಕಾರ ಹೇಳಿ ಪರಿಚಯ ಮಾಡಿಕೊಂಡಿತು. ಸಾಹೇಬರು "ವಾಲೇಕುಂ" ಎಂದರು. ಪರದೆ ಏರಿತು, ಇಳಿಯಿತು. ಸಾಹೇಬರು ಮಂಚದ ಅಂಚಿನಲ್ಲಿ ಕೂತರು.

"ಅರೆ ವಾಹ್, ಏನ್ ಕತ್ಲೆ! ಏನ್ ನೆಮ್ಮದಿ, ಏನ್ ಸುಕೂನ್!"

"ಹೇಳಿ, ನಾನು ಕೇಳುತ್ತಿದ್ದೇನೆ."

"ಏನಿಲ್ಲಮ್ಮ, ನಿನ್ ಕೆಲ್ಸ ನೋಡ್ಕೋ. ದೇವ್ರಾಜು, ಮಲಗಿದ್ರೆ ಹೆಂಗಿರ್ತದೆ, ಒಂದ್ನಿಮಿಷ ನೋಡ್ಲಾ?"

ಬೇಡ ಎನ್ನುವ ಧೈರ್ಯ ಯಾರಿಗಿದೆ? ಸಾಹೇಬರು ಟೋಪಿ ತೆಗೆದು ಪಕ್ಕಕ್ಕಿಟ್ಟು, ದೇವರಾಜುವಿನ ದಿಂಬಿಗೆ ತಲೆಯಿಟ್ಟರು. ಬಿರಿಯಾನಿ ತನ್ನ ಕೆಲಸ ಮಾಡಿತು, ಕತ್ತಲೆ ತನ್ನ ಕೆಲಸ ಮಾಡಿತು. ಒಂದು ನಿಮಿಷ ಮುಗಿಯುವ ಮೊದಲೇ, ಘಾಟಿ ಹತ್ತುವ ಹಳೆಯ ಲಾರಿಯಂಥ ಗೊರಕೆ ಎದ್ದಿತು.

ನಿಯಾಜ್ ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಬಾಗಿ ತಾನೇ ಪ್ಲಗ್ ತೆಗೆದ. ಮೂವರೂ ತುದಿಗಾಲಲ್ಲಿ ಹೊರಗೆ ಬಂದರು.

ಸುದ್ದಿ ಬೀದಿಗೆ ಹರಡಿತು. ಬೆಳಗಿನಿಂದ ದೇವರಾಜು ಬೇಡಿದ್ದರೂ ಸಿಗದ ನಿಶ್ಶಬ್ದ ಈಗ ತಾನಾಗಿ ಇಳಿದುಬಂತು. ನಿಯಾಜ್ ಓಡಿಹೋಗಿ ತನ್ನ ನೂಲಿನ ಮೋಟಾರು ನಿಲ್ಲಿಸಿದ. ಹೆಂಗಸರು ಕೊಳಾಯಿಯಡಿ ಬಿಂದಿಗೆಯಿಟ್ಟು, ನೀರು ಸದ್ದು ಮಾಡದಂತೆ ಬಟ್ಟೆ ಕಟ್ಟಿದರು. ಸಿದ್ದಮ್ಮ ಕೋಲು ಹಿಡಿದು ಬೀದಿಯ ನಾಯಿಗಳನ್ನು ಮೂಲೆಯವರೆಗೆ ಅಟ್ಟಿ ಬಂದಳು. ಬಂದವಳೇ ದೇವರಾಜುವಿನ ಕಿವಿಯಲ್ಲಿ ಪಿಸುಗುಟ್ಟಿದಳು, "ಮಗಾ, ಆ ಸಜ್ಜೆ ಮ್ಯಾಲೆ ಕಾಗೆ ಕುಂತಾವೆ ನೋಡು. ಕೂಗ್ಬುಟ್ಟಾವು. ಈ ಕೋಲಿಡ್ಕಂಡು ಅಲ್ಲೇ ನಿಂತ್ಕೊ."

"ಅತ್ತೆ, ನಾನೊಂದ್ ಗಳಿಗೆ ಚಾಪೆ ಮ್ಯಾಲೆ..."

"ಥೂ, ಸಾಬ್ರು ಎದ್ದಾಗ ನೀನ್ ಬಿದ್ಕಂಡಿದ್ರೆ ಏನ್ ಚೆಂದ್ಲಾ?"

ಭಾನುಪ್ರಿಯ ನೊಂದ ಕಣ್ಣಲ್ಲಿ ನೋಡಿ, ಗಟ್ಟಿ ಕಾಫಿ ತಂದುಕೊಟ್ಟಳು. ಅವಳಿಂದಲೂ ಅಷ್ಟೇ ಸಾಧ್ಯವಿತ್ತು. ದೇವರಾಜು ತನ್ನ ಮನೆಯ ಮುಂದೆ ತಾನೇ ಕೋಲು ಹಿಡಿದು, ತನ್ನ ಮಂಚದ ಮೇಲಿನ ನಿದ್ದೆಯನ್ನು ಮೂರು ಗಂಟೆ ಕಾವಲು ಕಾದ. ಆದರೂ ಅವನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಮೊಳೆಯಿತು. ಹಗಲು ನಿದ್ದೆಯ ರುಚಿ ಸಾಹೇಬರಿಗೂ ಸಿಕ್ಕಿತಲ್ಲ, ಎದ್ದ ಮೇಲೆ ತನ್ನ ಕಷ್ಟ ಅರ್ಥವಾಗಬಹುದು. ಮನಸ್ಸು ಕರಗಬಹುದು.

ಆರೂ ಮುಕ್ಕಾಲಿಗೆ ಸಾಹೇಬರು ಹೊರಗೆ ಬಂದರು. ಮುಖ ತೊಳೆದಿಟ್ಟ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು. ಎರಡೂ ತೋಳು ಚಾಚಿ ಮೈ ಮುರಿದರು. ನೇರವಾಗಿ ಬಂದು ದೇವರಾಜುವನ್ನು ತಬ್ಬಿಕೊಂಡರು.

"ದೇವ್ರಾಜು, ಹತ್ತು ವರ್ಷ ಆಯ್ತು ಕಣೋ ನಾನು ಇಂಥ ನಿದ್ದೆ ಮಾಡಿ! ನಿಜ ಹೇಳ್ತೀನಿ. ನಾನು ನೋಡ್ತೀನಿ, ನೋಡ್ತೀನಿ ಅಂದಿದ್ದೆಲ್ಲ ಸುಮ್ನೆ. ನಿನ್ನ ಹೆದರ್ಸಕ್ಕೆ."

ದೇವರಾಜುವಿನ ಎದೆ ಹಗುರಾಯಿತು. "ಹೌದಾ ಸಾಬ್ರೆ?"

"ಹೂಂ ಕಣಪ್ಪಾ. ಬಸ್ ಹತ್ತಿ ಕೂತ್ರೆ ಮಾಗಡಿ ಬರೋದ್ರೊಳಗೆ ನನ್ಗೇ ನಿದ್ದೆ. ಹಾಸನದಲ್ಲಿ ನೀನೇ ಎಬ್ಬಿಸ್ಬೇಕಿತ್ತು. ನೀನ್ ಮಲಗಿದ್ರೂ ನನ್ಗೇನ್ ಗೊತ್ತಾಗ್ತಿರ್ಲಿಲ್ಲ." ಸಾಹೇಬರು ಅವನ ಬೆನ್ನು ತಟ್ಟಿದರು. "ಈಗ ನೋಡು, ಕಣ್ಣು ಎರಡೂ ಹೆಡ್‌ಲೈಟ್ ಆಗವೆ. ಬೆಳಗಾನ ರೆಪ್ಪೆ ಬಡಿಯಲ್ಲ. ನಿನ್ ಪಕ್ಕದ ಸೀಟಲ್ಲೇ ಕೂತು ಹಾಸನದವರ್ಗೂ ಮಾತಾಡ್ಕೊಂಡ್ ಬತ್ತೀನಿ. ನಡಿ, ನಡಿ, ಬ್ಯಾಗ್ ತಗೊ!"

ಎಂಟು ಗಂಟೆಗೆ ಬಸ್ಸು ಹೊರಡಲು ತಯಾರಾಯಿತು. ಮುಂಬಾಗಿಲ ಪಕ್ಕದ ಸೀಟಿನಲ್ಲಿ ಇದ್ರೀಸ್ ಸಾಹೇಬರು ನೆಟ್ಟಗೆ ಕೂತು, ಕಂಡಕ್ಟರನ ಮುಖವನ್ನೇ ಮುಗುಳ್ನಗುತ್ತಾ ನೋಡುತ್ತಿದ್ದರು. ದೇವರಾಜು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಆಗಲೇ ಹೊಟ್ಟೆಯಾಳದಿಂದ, ಇಡೀ ಹಗಲಿನ ಒಂದು ದೊಡ್ಡ ಆಕಳಿಕೆ ಮೇಲೆದ್ದು ಬಂತು. ನುಂಗಲು ನೋಡಿದ, ಆಗಲಿಲ್ಲ. ಕೊನೆಗೆ ಬಾಯಿ ಪೂರಾ ತೆರೆದು, ಬಂದ ಆಕಳಿಕೆಯನ್ನೇ ಡ್ರೈವರಿನ ಕಡೆ ತಿರುಗಿಸಿ ಬಿಟ್ಟ:

"ರಾ...ಆ...ಆ...ಯ್ಟ್!"

"ಶಭಾಷ್!" ಎಂದರು ಸಾಹೇಬರು. "ಏನ್ ಉತ್ಸಾಹ ನೋಡು! ಸರಿಯಾಗ್ ನಿದ್ದೆ ಮಾಡಿದ್ರೆ ದನಿ ಹಿಂಗೇ ಬರ್ತದೆ."